ಡಬ್ಬಿಯ ಮೇಲಿನ ಗುಡ್ಡ

ಮೊಣಕಾಲುಗಳ ಮೇಲೆ ಅಡ್ಡಲಾಗಿ ಇಟ್ಟುಕೊಂಡಿದ್ದ ಕಾಗದದ ಸುರುಳಿಯನ್ನು ಎಷ್ಟು ಸಡಿಲವಾಗಿ ಹಿಡಿದರೆ ಅದು ಮುದುಡುವುದಿಲ್ಲ, ಎಷ್ಟು ಬಿಗಿಯಾಗಿ ಹಿಡಿದರೆ ಅದು ಜಾರಿ ಬಿಚ್ಚಿಕೊಳ್ಳುವುದಿಲ್ಲ ಎಂದು ಅವನು ಯೋಚಿಸುತ್ತ ಕೂತಿದ್ದ. ಪಕ್ಕದಲ್ಲಿ ಕೂತಿದ್ದವರು ಮ್ಯಾನೇಜರು. ಸಮಿತಿಯ ಕೋಣೆಯ ಹೊರಗಿನ ಈ ಬೆಂಚಿಗೆ ಒಂದು ಕಾಲು ಗಿಡ್ಡ. ಮ್ಯಾನೇಜರು ತೊಡೆ ಅಲ್ಲಾಡಿಸಿದಾಗಲೆಲ್ಲ ಅವನೂ ಮೇಲೆ ಕೆಳಗೆ ಆಗುತ್ತಿದ್ದ. "ಕೇಳಿದ್ರೆ ಏನು ಹೇಳ್ತೀರಿ?" ಎಂದರು ಮ್ಯಾನೇಜರು. "ಗುಡ್ಡ," ಎಂದ. "ಯಾವ ಗುಡ್ಡ?" "ಬೆಳಗಿನ ಗುಡ್ಡ." "ಅಷ್ಟೇ. ಅದರ ಮೇಲೆ ಒಂದಕ್ಷರ ಬೇಡ. ನೀವು ಕಲೆ ಗಿಲೆ ಅಂತ ಶುರು ಹಚ್ಚಿಕೊಂಡ್ರೆ ಮಾಡಿದ್ದೆಲ್ಲ ನೀರಲ್ಲಿ ಹೋಮ." ಅವನು ತಲೆಯಾಡಿಸಿದ. ಈ ವಯಸ್ಸಿನಲ್ಲಿ, ಕಿವಿಯ ಮೇಲೆ ಕೂದಲು ನೆರೆತ ಮೇಲೆ, ಪಾಠ ಒಪ್ಪಿಸುವ ಹುಡುಗನಂತೆ ಕೂತಿದ್ದೇನಲ್ಲ ಎನ್ನಿಸಿತು. ಆದರೆ ಅದರಿಂದ ಅವಮಾನವಾಯಿತೇ ಎಂದು ಒಳಗೆ ತಡಕಿ ನೋಡಿಕೊಂಡರೆ ಅಲ್ಲಿ ಆಯಾಸ ಬಿಟ್ಟು ಬೇರೇನೂ ಕೈಗೆ ಸಿಗಲಿಲ್ಲ.

ಸುರುಳಿಯೊಳಗಿದ್ದದ್ದು ಒಂದು ಡಬ್ಬಿಯ ಲೇಬಲ್ಲು. ಕಂಪನಿ ಎಳೆಮಕ್ಕಳ ಹಾಲಿನ ಪುಡಿ ಮಾಡುತ್ತಿತ್ತು, ಅವನು ಆ ಡಬ್ಬಿಗೆ ಚಿತ್ರ ಬರೆಯುತ್ತಿದ್ದ. ಮೊದಲೆಲ್ಲ ಬರೆಯುತ್ತಿದ್ದದ್ದು ಮಗುವನ್ನೇ. ಕೆನ್ನೆ ಕೆಂಪಗೆ, ಮಣಿಕಟ್ಟಿನಲ್ಲಿ ದಾರ ಕಟ್ಟಿದ ಹಾಗೆ ಮಡಿಕೆ ಬಿದ್ದ, ಯಾವ ತಾಯಿಯೂ ಹೆರದಂಥ ಮಗು. ಅದಕ್ಕೇ ಆಫೀಸಿನಲ್ಲಿ ಅವನಿಗೆ ಪಾಪಣ್ಣ ಎಂದು ಹೆಸರು ಬಿದ್ದು, ಅದೇ ಹೆಸರು ಸಂಬಳ ಬಟವಾಡೆ ಮಾಡುವವರ ಬಾಯಲ್ಲೂ ಕಾಯಂ ಆಗಿತ್ತು. ಆಮೇಲೆ ಕಾನೂನು ಬಂತು. ಡಬ್ಬಿಯ ಮೇಲೆ ಮಗು ಇರಕೂಡದು, ತಾಯಿ ಇರಕೂಡದು, ಪುಡಿಯನ್ನು ತಾಯಿಹಾಲಿನ ಪಕ್ಕಕ್ಕೆ ತಂದು ನಿಲ್ಲಿಸುವ ಯಾವ ಚಿತ್ರವೂ ಇರಕೂಡದು. ಕಾನೂನು ಚಾಪೆಯ ಕೆಳಗೆ ತೂರಿದರೆ ಕಂಪನಿ ರಂಗೋಲಿಯ ಕೆಳಗೆ ತೂರಿತು. ಮಗು ಹೋಗಿ ಕರಡಿಮರಿ ಬಂತು. ಲೇಬಲ್ಲುಗಳಿಗೆ ಒಪ್ಪಿಗೆ ಕೊಡುವ ಸರ್ಕಾರದ ಸಮಿತಿ ಕರಡಿಯನ್ನು ಓಡಿಸಿತು. ಕರಡಿ ಹೋಗಿ ಹಕ್ಕಿಗೂಡು ಬಂತು; ಗೂಡಿನಲ್ಲಿ ಬಾಯಿ ತೆರೆದ ಮರಿಗಳಿವೆ ಎಂದು ಅದಕ್ಕೂ ಕಲ್ಲು ಬಿತ್ತು. ಪ್ರತಿ ಸಲವೂ ಅವನು ಹಳೆಯ ಚಿತ್ರದ ಮೇಲೆ ಹೊಸ ಟ್ರೇಸಿಂಗ್ ಹಾಳೆ ಹಾಸಿ, ಬೇಡವೆಂದದ್ದನ್ನು ಬಿಟ್ಟು ಉಳಿದದ್ದನ್ನು ಎತ್ತಿಕೊಳ್ಳುತ್ತಿದ್ದ. ಅವನ ಕೆಲಸ ಈಗ ಬರೆಯುವುದಾಗಿರಲಿಲ್ಲ, ಬಿಡುವುದಾಗಿತ್ತು. ಕೊನೆಗೊಂದು ದಿನ ಮ್ಯಾನೇಜರು ಅವನ ಮೇಜಿನ ಅಂಚಿಗೆ ಕೂತು, "ಪಾಪಣ್ಣ, ಪಾಪು ಇರಬಾರದು. ಆದ್ರೆ ಪಾಪು ಇರಬೇಕು. ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು. ಏನಾದ್ರೂ ಮಾಡಿ," ಎಂದಿದ್ದರು. ಅವನು ಮಾಡಿದ್ದ.

ಮಾಡಿದ್ದು ಒಂದೇ ಗೆರೆ. ಕತ್ತಿನ ಹಿಂಬದಿಯಿಂದ ಹೊರಟು, ಹೆಗಲ ಮೇಲೆ ಹಾದು, ಬೆನ್ನಿನ ಅಂಚನ್ನು ಹಿಡಿದು ಮೊಣಕೈವರೆಗೆ ಇಳಿದು, ಅಲ್ಲಿ ಒಳಕ್ಕೆ ತಿರುಗಿ ನಿಂತುಬಿಡುವ ಗೆರೆ. ಅದರ ಮೇಲುಗಡೆ ತೆಳುವಾಗಿ ಹಳದಿ ಬಳಿದರೆ ಗುಡ್ಡದ ಹಿಂದೆ ಸೂರ್ಯ ಬರುತ್ತಿರುವ ಹಾಗೆ ಕಾಣುತ್ತಿತ್ತು. ಅದನ್ನು ಎಲ್ಲಿಂದ ಎತ್ತಿಕೊಂಡೆ ಎಂಬುದನ್ನು ಯಾರಿಗೂ ಹೇಳಿರಲಿಲ್ಲ. ಮನೆಯ ಕಪಾಟಿನಲ್ಲಿ, ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಸೀಸದಲ್ಲಿ ಗೀಚಿದ ಒಂದು ಚಿತ್ರವಿತ್ತು. ಮಗಳು ಹುಟ್ಟಿದ ಹೊಸದರಲ್ಲಿ, ಕಿಟಕಿಯ ಕೆಳಗೆ ಗೋಡೆಗೆ ಓರೆಯಾಗಿ ಕೂತು ಹೆಂಡತಿ ಮಗುವಿನ ಮೇಲೆ ಬಗ್ಗಿದ್ದಾಗ ಬರೆದದ್ದು. ಅವಳ ಮುಖ ಅದರಲ್ಲಿ ಕಾಣುವುದಿಲ್ಲ. ಬಾಗಿಲಲ್ಲಿ ಅವನ ಅಮ್ಮ ನಿಂತು, "ಇನ್ನೂ ಇಳೀಲಿಲ್ವೇನೇ ಹಾಲು?" ಎಂದು ಕೇಳಿದ್ದು ನೆನಪಿದೆ. ಹೆಂಡತಿ ಇಲ್ಲವೆಂದು ತಲೆಯಲ್ಲಾಡಿಸಿದ್ದು ನೆನಪಿದೆ. ಮಗು ಕಿರುಚುತ್ತಿತ್ತು. ಆ ಹೊತ್ತಿನಲ್ಲಿ ಗಂಡನಾದವನು ಎದ್ದು ಹೋಗಿ ಅವಳ ಪಕ್ಕ ಕೂತುಕೊಳ್ಳಬೇಕಿತ್ತು, ಇಲ್ಲವೇ ಅಮ್ಮನನ್ನು ಒಳಗೆ ಕಳಿಸಬೇಕಿತ್ತು. ಅವನು ಹಾಗೇ ಕೂತು ಬರೆದಿದ್ದ, ಏಕೆಂದರೆ ಗೆರೆ ಚೆನ್ನಾಗಿ ಬರುತ್ತಿತ್ತು.

ಅದಕ್ಕಿಂತ ಮುಂಚಿನದು ಇನ್ನೂ ಕೆಟ್ಟದ್ದು. ಡಬ್ಬಿಯನ್ನು ಮನೆಗೆ ತಂದವನು ಅವನೇ. ಅವನು ಬರೆದ ಮಗು ಮೊದಲ ಸಲ ಅಚ್ಚಾಗಿ ಬಂದಾಗ, ಅದೇ ತಿಂಗಳು ಅವನಿಗೂ ಮಗು ಹುಟ್ಟಿತ್ತೆಂದು, ಆಫೀಸಿನವರು ಡಬ್ಬಿಗೆ ರಿಬ್ಬನ್ನು ಕಟ್ಟಿ ಕೈಯಲ್ಲಿಟ್ಟಿದ್ದರು. ಬಸ್ಸಿನಲ್ಲಿ ಚಿತ್ರ ಹೊರಗೆ ಕಾಣುವ ಹಾಗೆ ಹಿಡಿದುಕೊಂಡು ಬಂದಿದ್ದ. ಅಮ್ಮ ಡಬ್ಬಿಯನ್ನು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ. "ಬಾಣಂತಿ ಸ್ವಲ್ಪ ಮಲಗಲಿ ಬಿಡು, ರಾತ್ರಿಗೆ ಒಂದು ಬಾಟ್ಲಿ ಕೊಟ್ರೆ ಏನಾಗುತ್ತೆ," ಎಂದಳು. ರಾತ್ರಿಯದು ಹಗಲಿಗೂ ಬಂತು. ಡಬ್ಬಿ ಖಾಲಿಯಾಗುವ ಹೊತ್ತಿಗೆ ಹೆಂಡತಿಯ ಎದೆಯೂ ಖಾಲಿ. ಆಮೇಲೆ ಅಮ್ಮ ಸಾಯುವವರೆಗೂ, ಬಂದವರು ಹೋದವರ ಮುಂದೆ, "ನಮ್ಮ ಸೊಸೆದು ಒಣಗಿದ ಮೈ, ಡಬ್ಬಿ ಇಲ್ದಿದ್ರೆ ಕೂಸು ಕೈಬಿಟ್ಟು ಹೋಗ್ತಿತ್ತು," ಎಂದು ಹೇಳಿಕೊಂಡೇ ಇದ್ದಳು. ಹೆಂಡತಿ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಅವನಿಗೆ ವಿಷಯ ತಿಳಿದದ್ದು ಬಹಳ ವರ್ಷಗಳ ಮೇಲೆ, ಅದೂ ಕಂಪನಿ ಕೊಟ್ಟ ಕಾನೂನಿನ ಪುಸ್ತಿಕೆ ಓದಿ. ಮಗು ಚೀಪಿದಷ್ಟೂ ಹಾಲು ಬರುತ್ತದೆ, ಚೀಪದಿದ್ದರೆ ನಿಲ್ಲುತ್ತದೆ, ಅದಕ್ಕೇ ಪುಕ್ಕಟೆ ಡಬ್ಬಿ ಕೊಡಕೂಡದು ಎಂದು ಅದರಲ್ಲಿ ಸರಳವಾಗಿ ಬರೆದಿತ್ತು. ಓದಿದವನು ಪುಸ್ತಿಕೆಯನ್ನು ಡ್ರಾಯರಿಗೆ ಹಾಕಿದ್ದ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಂಡು ಮಗಳು ಓದು ಮುಗಿಸಿ ಬೇರೆ ಊರಲ್ಲಿ ಕೆಲಸಕ್ಕೆ ಸೇರಿದ್ದಾಗಿದೆ. ಹೇಳಿದರೆ, ಇಷ್ಟು ವರ್ಷ ತನ್ನ ಮೈಯನ್ನೇ ದೂರಿಕೊಂಡ ಹೆಂಗಸು ಅವನನ್ನು ಯಾವ ಕಣ್ಣಿನಿಂದ ನೋಡುತ್ತಾಳೆ? ಆ ಕಣ್ಣಿಗೆ ಅವನು ಹೆದರುತ್ತಿದ್ದ. ಮತ್ತು ಈಗ ಸಮಿತಿ ಹ್ಞೂಂ ಎಂದರೆ ಅವಳದೇ ಬೆನ್ನು ಬೀದಿ ಬೀದಿಯ ಅಂಗಡಿಗಳಲ್ಲಿ ಸಾಲಾಗಿ ನಿಲ್ಲುತ್ತದೆ.

ಒಳಗಿನಿಂದ ಕರೆ ಬಂತು.

ಉದ್ದದ ಮೇಜಿನಾಚೆ ಮೂವರಿದ್ದರು. ನಡುವೆ ಅಧ್ಯಕ್ಷರು, ನಿವೃತ್ತ ಡಾಕ್ಟರು, ಕನ್ನಡಕವನ್ನು ಹಣೆಗೇರಿಸಿ ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದರು. ಬಲಗಡೆ ಒಬ್ಬ ವಕೀಲರು. ಎಡಗಡೆ ಅವನು ಹಿಂದೆ ನೋಡಿರದ ಒಬ್ಬ ಅಧಿಕಾರಿ, ಮೂವತ್ತರ ಆಸುಪಾಸಿನ ಹೆಂಗಸು, ಬೂದಿಬಣ್ಣದ ಅಂಗಿ, ಕಣ್ಣ ಕೆಳಗೆ ನಿದ್ದೆ ಕೆಟ್ಟ ಕಪ್ಪು. ಕರಡಿಯನ್ನೂ ಹಕ್ಕಿಗೂಡನ್ನೂ ಓಡಿಸಿದ್ದು ಇವಳೇ, ಆಗ ಕಾಗದದ ಮೇಲೆ ಸಹಿಯಾಗಿ ಮಾತ್ರ ಇದ್ದವಳು, ಈಗ ಹೆರಿಗೆ ರಜೆ ಮುಗಿಸಿ ಬಂದು ಕೂತಿದ್ದಾಳೆ ಎಂದು ಮ್ಯಾನೇಜರು ಬಾಗಿಲಲ್ಲೇ ಅವನ ಕಿವಿಯಲ್ಲಿ ಊದಿದ್ದರು. ಅವನು ಸುರುಳಿ ಬಿಚ್ಚಿದ. ಅದು ಮತ್ತೆ ಸುತ್ತಿಕೊಂಡಿತು. ವಕೀಲರು ನಕ್ಕು ತಮ್ಮ ಚಹಾದ ಲೋಟವನ್ನು ಒಂದು ಮೂಲೆಗೆ ಇಟ್ಟರು, ಲೋಟದ ಅಡಿ ಒದ್ದೆಯಾಗಿತ್ತು.

"ಏನಪ್ಪಾ ಇದು?" ಎಂದರು ಅಧ್ಯಕ್ಷರು. "ಗುಡ್ಡ ಸಾರ್," ಎಂದರು ಮ್ಯಾನೇಜರು, "ಸೂರ್ಯ ಹುಟ್ಟೋ ಹೊತ್ತಿನ ಗುಡ್ಡ." "ಗುಡ್ಡಕ್ಕೂ ಹಾಲಿನ ಪುಡಿಗೂ ಏನ್ರೀ ಸಂಬಂಧ?" ಎಂದರು ವಕೀಲರು. "ಸಂಬಂಧ ಇರಬಾರದು ಅಂತಾನೇ ಅಲ್ವೇ ಸಾರ್ ನಿಮ್ಮ ಕಾನೂನು." ಅಧ್ಯಕ್ಷರು ಹೊಟ್ಟೆ ಕುಲುಕಿಸಿ ನಕ್ಕರು, ವಕೀಲರೂ ನಕ್ಕರು. ಮ್ಯಾನೇಜರು ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕಿನ ಹಾಗೆ ವಿನಯದಿಂದ ಕೂತರು. ಆ ಅಧಿಕಾರಿ ಮಾತ್ರ ನಗಲಿಲ್ಲ. ಹಾಳೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡು ನೋಡುತ್ತಿದ್ದಳು. ಅವಳ ಕಣ್ಣು ಗೆರೆಯ ಮೇಲೆ ಹೋಗುವುದನ್ನು ಅವನು ಬೆರಳಲ್ಲಿ ಹಿಡಿದಷ್ಟು ಸ್ಪಷ್ಟವಾಗಿ ನೋಡಿದ. ಕತ್ತು, ಹೆಗಲು, ಬೆನ್ನು, ಮೊಣಕೈ, ಅಲ್ಲಿ ಒಳಕ್ಕೆ ತಿರುಗಿ ನಿಂತಲ್ಲಿ ಅವಳೂ ನಿಂತಳು. ಅಲ್ಲಿ ಏನೂ ಇರಲಿಲ್ಲ, ಬಿಳಿ ಕಾಗದವಷ್ಟೆ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ಅವನ ಕೈ ತಾನಾಗಿ ತನ್ನ ಕತ್ತಿನ ಹಿಂದಕ್ಕೆ ಹೋಯಿತು.

ಮೊದಲು ಅವನಿಗೆ ಅದು ನೆರಳೆಂದು ಕಂಡಿತು. ಚಿತ್ರಗಾರನ ಕಣ್ಣು, ಬಣ್ಣ ಬದಲಾದರೆ ಸುಮ್ಮನಿರುವುದಿಲ್ಲ. ಬೂದಿಬಣ್ಣದ ಅಂಗಿಯ ಎಡಭಾಗದಲ್ಲಿ ಒಂದು ಬೊಟ್ಟಿನಷ್ಟು ಒದ್ದೆಯ ಕಪ್ಪು, ಅದು ಅಂಗೈಯಷ್ಟಾಯಿತು, ಆಮೇಲೆ ಬಲಭಾಗದಲ್ಲೂ. ಅವಳಿಗೆ ಗೊತ್ತಾಯಿತು. ಹಾಳೆಯಿಂದ ತಲೆಯೆತ್ತದೆ, ಅವಸರವಿಲ್ಲದೆ, ಪಕ್ಕದಲ್ಲಿದ್ದ ಫೈಲನ್ನು ಎತ್ತಿ ಎದೆಗೆ ಅವಚಿಕೊಂಡಳು. ಅಧ್ಯಕ್ಷರು ನೋಡಿರಲಿಲ್ಲ, ವಕೀಲರು ಚಹಾ ಕುಡಿಯುತ್ತಿದ್ದರು, ಮ್ಯಾನೇಜರು ಗೋಡೆಯ ಗಡಿಯಾರದ ಕಡೆ ನೋಡುತ್ತಿದ್ದರು. ನೋಡಿದವನು ಅವನೊಬ್ಬನೇ. ಅವನು ನೋಡಿದ್ದನ್ನು ಅವಳು ನೋಡಿದಳು.

"ಇದಕ್ಕೆ ನನ್ನ ಒಪ್ಪಿಗೆ ಇಲ್ಲ," ಎಂದಳು.

"ಕಾರಣ ಹೇಳಮ್ಮ, ಬರೆಸೋಣ," ಎಂದರು ಅಧ್ಯಕ್ಷರು.

ಅವಳು, "ಇದು ಗುಡ್ಡ ಅಲ್ಲ," ಎಂದಳು.

"ಮತ್ತೇನು?"

ಅವಳ ತುಟಿ ಅಲುಗಿತು. ಈ ಕೋಣೆಯಲ್ಲಿ, ಈ ಮೇಜಿನ ಮೇಲೆ, ಈ ಗಂಡಸರ ನಡುವೆ ಆ ಕಾರಣವನ್ನು ಯಾವ ಮಾತಿನಲ್ಲಿ ಹೇಳುವುದು, ಮೂಲೆಯಲ್ಲಿ ತಲೆ ತಗ್ಗಿಸಿ ಕೂತ ಗುಮಾಸ್ತ ಅದನ್ನು ಯಾವ ಕಲಮಿನ ಕೆಳಗೆ ಬರೆದುಕೊಳ್ಳುವುದು? ಕಾನೂನಿಗೆ ಕಾಣುವಂಥದ್ದು ಬೇಕು, ಕಾಣುವಂಥದ್ದನ್ನು ಅವಳು ಫೈಲಿನಿಂದ ಮುಚ್ಚಿಕೊಂಡಿದ್ದಾಳೆ. "ಬರೆದವರು ಇಲ್ಲೇ ಇದ್ದಾರಲ್ಲ, ಅವರೇ ಹೇಳಲಿ," ಎಂದು ಅವಳು ಅವನ ಕಡೆ ತಿರುಗಿದಳು. ಆ ನೋಟದಲ್ಲಿ ಅಧಿಕಾರ ಇರಲಿಲ್ಲ. ಒಂದು ಕೈ ಹಿಡಿಯಿರಿ ಎಂದು ಕೇಳುವವರ ನೋಟ ಅದು. ಕಿಟಕಿಯ ಕೆಳಗೆ ಗೋಡೆಗೆ ಓರೆಯಾಗಿ ಕೂತವಳು ಒಂದು ಸಲ ತಲೆಯೆತ್ತಿ ಅವನನ್ನು ಹೀಗೇ ನೋಡಿದ್ದಳೇ? ನೋಡಿರಬೇಕು. ಅವನು ಆಗ ಮೊಣಕೈಯ ತಿರುವನ್ನು ಸರಿಮಾಡುತ್ತಿದ್ದ. ಇದು ತಾಯಿ ಸಾರ್, ಎಂದು ಎರಡು ಮಾತು ಹೇಳಿದರೆ ಮುಗಿಯಿತು. ಹೇಳಿದರೆ ಕೆಲಸವೂ ಮುಗಿಯಿತು. ಮ್ಯಾನೇಜರ ಮೊಣಕಾಲು ಮೇಜಿನಡಿಯಲ್ಲಿ ಅವನ ಮೊಣಕಾಲಿಗೆ ಮೆಲ್ಲಗೆ ತಾಗಿತು.

"ಗುಡ್ಡ," ಎಂದ.

ಸೀಲು ಬಿದ್ದ ಸದ್ದು ಅವನು ಅಂದುಕೊಂಡಷ್ಟು ಜೋರಾಗಿರಲಿಲ್ಲ. ಸುರುಳಿಯೊಳಗಿದ್ದ ಎರಡು ಪ್ರತಿಗೂ ಕೆಳಗಿನ ಬಲಮೂಲೆಯಲ್ಲಿ ನೇರಳೆ ಬಣ್ಣದ ಉರುಟು ಮುದ್ರೆ. ಒಂದು ಸಮಿತಿಗೆ, ಒಂದು ಅವರಿಗೆ. ಬರೆಸಲು ಕಾರಣ ಸಿಗದೆ ಅವಳೂ ಸಹಿ ಹಾಕಿದಳು, ಒಂದು ಕೈಯಲ್ಲಿ ಫೈಲು ಹಿಡಿದುಕೊಂಡೇ. ಹೊರಗೆ ಬಂದು ಮ್ಯಾನೇಜರು ಅವನ ಬೆನ್ನು ತಟ್ಟಿದರು. "ಗೆದ್ದುಬಿಟ್ರಿ ಪಾಪಣ್ಣ. ನಾಳೆ ಬೆಳಿಗ್ಗೆ ಇದನ್ನ ನೇರ ಪ್ರೆಸ್ಸಿಗೆ ಕೊಟ್ಟುಬಿಡಿ. ಜೋಪಾನ, ಸೀಲಿರೋ ಪ್ರತಿ ನಮ್ಮ ಹತ್ರ ಇದೊಂದೇ. ಇದಿಲ್ದೆ ಪ್ರೆಸ್ಸಿನವನು ಯಂತ್ರ ಮುಟ್ಟಲ್ಲ, ಕೆಟ್ಟರೆ ಮತ್ತೆ ಮೊದಲಿಂದ ಈ ಬೆಂಚೇ ಗತಿ." ಮೆಟ್ಟಿಲಿಳಿಯುತ್ತ ಅವರು ಸಣ್ಣಗೆ ಸಿಳ್ಳೆ ಹಾಕಿದ್ದು ಕೇಳಿಸಿತು.

ಅವನು ಮುಖ ತೊಳೆಯಲು ಮೊಗಸಾಲೆಯ ತುದಿಯ ನಲ್ಲಿಗೆ ಹೋದ. ಅವಳು ಅಲ್ಲಿದ್ದಳು. ಕರವಸ್ತ್ರವನ್ನು ಮಡಚಿ ಅಂಗಿಯೊಳಗೆ ಇಟ್ಟುಕೊಂಡು, ಮೇಲೆ ಶಾಲು ಎಳೆದುಕೊಳ್ಳುತ್ತಿದ್ದಳು. ಅವನು ಹಿಂದಕ್ಕೆ ತಿರುಗಿದ. "ಪರವಾಗಿಲ್ಲ, ಬನ್ನಿ," ಎಂದಳು. ನೀರು ಬಿಟ್ಟುಕೊಂಡು ಅವನು ಕೈ ಒಡ್ಡಿದ.

"ಆ ಗುಡ್ಡ ಯಾರು?" ಎಂದಳು.

ಅವನು ಬೊಗಸೆ ನೀರನ್ನು ಮುಖಕ್ಕೆ ಎರಚಿಕೊಂಡ.

"ನನ್ನ ಮಗು ಅತ್ತರೆ ಹೀಗಾಗುತ್ತೆ. ಒಂದೊಂದ್ಸಲ ಬೀದೀಲಿ ಯಾರದೋ ಮಗು ಅತ್ತರೂ ಆಗುತ್ತೆ. ಒಂದು ಕಾಗದ ನೋಡಿ ಆದದ್ದು ಇದೇ ಮೊದಲು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದು ಅವನಿಗೆ ಇನ್ನೂ ಕಷ್ಟವಾಯಿತು. "ಇದನ್ನ ನಾನು ಏನಂತ ಬರೆಸಲಿ, ಹೇಳಿ. ನೀವೊಂದು ಮಾತು ಆಡಿದ್ರೆ ನಾನು ತಡೀತಿದ್ದೆ." ಶಾಲು ಸರಿಮಾಡಿಕೊಂಡು ಹೊರಟವಳು ಎರಡು ಹೆಜ್ಜೆ ಹೋಗಿ ನಿಂತಳು. "ಚೆನ್ನಾಗಿ ಬರೀತೀರಿ," ಎಂದಳು. ಅದನ್ನು ಹೊಗಳಿಕೆಯೆಂದು ತೆಗೆದುಕೊಳ್ಳಲು ಅವನಿಂದಾಗಲಿಲ್ಲ. ನಲ್ಲಿ ನಿಲ್ಲಿಸಿದ ಮೇಲೂ ತೊಟ್ಟಿಕ್ಕುತ್ತಿತ್ತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಸುರುಳಿಯನ್ನು ಎದೆಗೊರಗಿಸಿ ಹಿಡಿದುಕೊಂಡವನಿಗೆ ಅವಳು ಫೈಲು ಹಿಡಿದದ್ದು ನೆನಪಾಗಿ ಪಕ್ಕಕ್ಕಿಟ್ಟ, ಪಕ್ಕದವನು ಅದರ ಮೇಲೆ ಕೂರುವುದರಲ್ಲಿದ್ದ, ಮತ್ತೆ ಎತ್ತಿಕೊಂಡ. ಒಂದು ವಿಷಯ ಅವನಿಗೆ ಬಗೆಹರಿಯಲಿಲ್ಲ. ಎಲ್ಲವನ್ನೂ ಬಿಟ್ಟಿದ್ದ. ಮಗುವನ್ನು ಬಿಟ್ಟಿದ್ದ, ಮುಖವನ್ನು, ಕೂದಲನ್ನು, ಕಿಟಕಿಯನ್ನು, ಬಾಗಿಲಲ್ಲಿ ನಿಂತ ಅಮ್ಮನನ್ನು ಬಿಟ್ಟಿದ್ದ. ಉಳಿದದ್ದು ಹಾಲು ಬತ್ತಿದ ಹೆಂಗಸೊಬ್ಬಳ ಬೆನ್ನು. ಬತ್ತಿದ ಎದೆಯ ಮೇಲೆ ಬಗ್ಗಿದ ಗೆರೆ ಇನ್ನೊಬ್ಬಳ ಎದೆಯಲ್ಲಿ ಹಾಲು ಇಳಿಸುವುದು ಹೇಗೆ? ಹಾಗಾದರೆ ಗೆರೆಗೂ ಬರೆದವನಿಗೂ ಸಂಬಂಧವೇ ಇಲ್ಲವೇ, ಅದು ಏನನ್ನು ಬೇಕಾದರೂ ಸುಳ್ಳು ಹೇಳುತ್ತದೆಯೇ? ಅಷ್ಟು ಚೆನ್ನಾಗಿ ಸುಳ್ಳು ಹೇಳುವ ಕೈ ತನ್ನದು ಎಂದು ಸಂತೋಷಪಡುವ ವಯಸ್ಸು ದಾಟಿಹೋಗಿತ್ತು. ಮುಂದಿನ ಸೀಟಿನಲ್ಲಿ ಒಬ್ಬಳು ಚೀಲದಿಂದ ಬಾಟಲಿ ತೆಗೆದು ಮಗುವಿನ ಬಾಯಿಗಿಟ್ಟಳು. ಮಗು ಕುಡಿಯುತ್ತ ಅವನನ್ನೇ ನೋಡಿತು. ಬೈಯುವ ಹಾಗೇನೂ ಇರಲಿಲ್ಲ ಆ ನೋಟ, ಹಸಿವು ತೀರುತ್ತಿದ್ದ ಮಗುವಿನ ನೋಟ ಅಷ್ಟೆ. ಅವನ ಮಗಳೂ ಡಬ್ಬಿಹಾಲು ಕುಡಿದೇ ಬೆಳೆದವಳು, ಗುಂಡುಕಲ್ಲಿನ ಹಾಗಿದ್ದಾಳೆ. ಅದನ್ನು ನೆನೆದು ಸಮಾಧಾನ ಮಾಡಿಕೊಳ್ಳಲು ಎಷ್ಟೋ ಸಲ ನೋಡಿದ್ದ.

ಮನೆಯಲ್ಲಿ ಹೊಲಿಗೆಯಂತ್ರದ ಸದ್ದು ಕೇಳುತ್ತಿತ್ತು. ಹೆಂಡತಿ ಬೀದಿಯವರಿಗೆಲ್ಲ ಬಟ್ಟೆ ಹೊಲಿಯುತ್ತಾಳೆ. ಟೇಪು ಕತ್ತಿನಲ್ಲೇ ಇರುತ್ತದೆ, ಮಾತಾಡಿಸಲು ಬಂದವರ ಅಳತೆಯನ್ನೂ ಕಣ್ಣಲ್ಲೇ ತೆಗೆದುಬಿಡುತ್ತಾಳೆ ಎಂದು ಮಗಳು ರೇಗಿಸುವುದುಂಟು. ಅವನು ಸುರುಳಿಯನ್ನು ಕಪಾಟಿನ ಮೇಲಕ್ಕೆ ಎಸೆಯಬೇಕೆಂದುಕೊಂಡವನು, ಯಾಕೋ ಕೈಸೋತು, ಊಟದ ಮೇಜಿನ ಮೇಲೆ ಇಟ್ಟ. ಅದು ತಾನಾಗಿ ಅರ್ಧ ಬಿಚ್ಚಿಕೊಂಡಿತು.

"ಪಾಸಾಯ್ತಾ ನಿಮ್ಮ ಪರೀಕ್ಷೆ?" ಎನ್ನುತ್ತ ಅವಳು ಎದ್ದು ಬಂದು ಹಾಳೆಯ ಎರಡೂ ಅಂಚಿಗೆ ಕೈಯೂರಿದಳು. ಕತ್ತರಿಯನ್ನು ಒಂದು ಕಡೆ, ಸೀಮೆಸುಣ್ಣದ ಡಬ್ಬವನ್ನು ಇನ್ನೊಂದು ಕಡೆ ಇಟ್ಟಳು. ಸ್ವಲ್ಪ ಹೊತ್ತು ನೋಡಿದಳು. "ಇದೇನು, ನನ್ನ ಬೆನ್ನು."

"ಗುಡ್ಡ," ಎಂದ. ಬೆಳಗಿನಿಂದ ಅದೇ ಬಾಯಿಪಾಠ.

"ಗುಡ್ಡಕ್ಕೆ ಎಡಹೆಗಲು ಇಳಿದಿರುತ್ತಾ? ನನಗೆ ನಾನು ಹೊಲ್ಕೊಳ್ಳುವಾಗ ಈ ಕಡೆ ಒಂದು ಚೂರು ಕಮ್ಮಿ ಇಡ್ತೀನಿ. ನನ್ನ ಹೆಗಲು ನನಗೆ ಗೊತ್ತಾಗಲ್ವಾ?" ನಗುತ್ತಲೇ ಅಂದಳು. ಬೆರಳು ಗೆರೆಯ ಮೇಲೆ ಹೋಗಿ, ಮೊಣಕೈ ತಿರುಗುವಲ್ಲಿ, ಆ ಅಧಿಕಾರಿಯ ಕಣ್ಣು ನಿಂತ ಜಾಗದಲ್ಲೇ ನಿಂತಿತು. ನಗು ಹೋಯಿತು. "ಮಗು ಎಲ್ಲಿ?"

"ಮಗು ಬರೆಯೋ ಹಾಗಿಲ್ಲ."

"ಯಾರಂದ್ರು?"

"ಕಾನೂನು." ಕುರ್ಚಿ ಎಳೆದುಕೊಂಡು ಕೂತ. ಕೂತರೆ ಮಾತು ಸುಲಭವಾಗಬಹುದೆಂದುಕೊಂಡಿದ್ದ. "ಅವತ್ತು ಮಗಳು ತುಂಬ ಅಳ್ತಾ ಇದ್ದಳಲ್ಲ, ನಿನಗೆ ಹಾಲು ಬರದೆ. ಅಮ್ಮ ಬಾಗಿಲಲ್ಲಿ ನಿಂತು ಇಳೀಲಿಲ್ವಾ ಅಂತ ಕೇಳಿದ್ಲಲ್ಲ, ಅವತ್ತು ಬರೆದಿದ್ದು. ನಾನು ಎದ್ದು ಬರಬೇಕಿತ್ತು."

"ಯಾವತ್ತು?" ಅವಳು ನಿಜವಾಗಿ ಅರ್ಥವಾಗದವಳಂತೆ ಅವನನ್ನು ನೋಡಿದಳು. "ಹಾಲು ನಿಂತ ಮೇಲೆ ನಾನೆಲ್ಲಿ ಹೀಗೆ ಕೂತೆ? ಡಬ್ಬಿ ಬಂದಮೇಲೆ ನಿಮ್ಮಮ್ಮ ಮಗೂನ ಕಾಲ ಮೇಲೆ ಹಾಕ್ಕೊಂಡು ಬಾಟ್ಲಿ ಹಿಡೀತಿದ್ರು, ನಾನು ಆ ಕಡೆ ಗೋಡೆ ನೋಡ್ಕೊಂಡು ಮಲಗ್ತಿದ್ದೆ. ಇಳೀಲಿಲ್ವಾ ಅಂತ ಬಂದು ಕೇಳ್ತಿದ್ದದ್ದು ಆಗ, ಇದಾದ ಎಷ್ಟೋ ದಿನಕ್ಕೆ. ಎರಡನ್ನೂ ಕಲಸಿಕೊಂಡಿದ್ದೀರಿ." ಅವಳು ಗೆರೆಯ ಒಳಗಿನ ಬಿಳಿ ಜಾಗದ ಮೇಲೆ ಅಂಗೈಯಿಟ್ಟಳು. "ಇದು ಅದಕ್ಕೂ ಮುಂಚಿನದು. ಆಗ ಹಾಲಿತ್ತು ನನಗೆ. ಅಂಗಿಯೆಲ್ಲ ಒದ್ದೆ ಆಗೋದು, ಅಷ್ಟಿತ್ತು."

ಇಷ್ಟು ವರ್ಷ ತಪ್ಪಾಗಿ ನೆನಪಿಟ್ಟುಕೊಂಡವನು ತಾನು, ಗೆರೆ ಸುಳ್ಳು ಹೇಳಿರಲಿಲ್ಲ.

"ನಿನಗೆ ಗೊತ್ತಿತ್ತಾ?" ಎಂದ. ಏನನ್ನು ಎಂದು ಅವಳು ಕೇಳಲಿಲ್ಲ.

"ನನ್ನ ಮೈ ನನಗೆ ಗೊತ್ತಿರಲ್ವಾ. ಡಬ್ಬಿ ಬಂತು, ಹಾಲು ಹೋಯ್ತು. ಯಾರಿಗೆ ಹೇಳ್ಲಿ, ಯಾರು ನಂಬ್ತಿದ್ರು? ಡಾಕ್ಟರೇ ಒಣಮೈ ಅಂದ್ರು." ಟೇಪನ್ನು ಕತ್ತಿನಿಂದ ತೆಗೆದು ಬೆರಳಿಗೆ ಸುತ್ತತೊಡಗಿದಳು. "ನೀವು ಅದನ್ನ ಅಷ್ಟು ಖುಷಿಯಾಗಿ ತಂದಿದ್ರಿ."

ಅವಳ ಕಣ್ಣನ್ನು ನೋಡಲು ಅವನು ಹೆದರಿದ್ದ ಎಷ್ಟೋ ವರ್ಷ. ಈಗ ನೋಡಿದ. ಅದು ದಿನಾ ನೋಡುವ ಕಣ್ಣೇ ಆಗಿತ್ತು. ಈ ಕಣ್ಣಿನಿಂದಲೇ ಅವಳು ಇಷ್ಟು ದಿನವೂ ಅವನನ್ನು ನೋಡುತ್ತಿದ್ದಳು, ಅವನಿಗೆ ತಿಳಿದಿರಲಿಲ್ಲ ಅಷ್ಟೆ. ಅದು ಕ್ಷಮೆಯೇ ಎಂದು ಕೇಳುವ ಧೈರ್ಯ ಬರಲಿಲ್ಲ. ಜೇಬಿನಿಂದ ಸೀಸದ ಕಡ್ಡಿ ತೆಗೆದು, ಅವಳ ಅಂಗೈಯನ್ನು ಮೆಲ್ಲನೆ ಸರಿಸಿ, ಮೊಣಕೈ ಒಳಕ್ಕೆ ತಿರುಗುವಲ್ಲಿ ತಲೆಯ ಉರುಟನ್ನು ಬರೆಯತೊಡಗಿದ. ಡಬ್ಬಿಯ ಮೇಲಿನ ಕೆಂಪುಕೆನ್ನೆಯ ಮಗು ಅಲ್ಲ, ಕೂದಲಿಲ್ಲದ, ಹಣೆ ಸುಕ್ಕುಗಟ್ಟಿದ, ಹುಟ್ಟಿದ ಹೊಸದರ ಮಗು. ಹೆಂಡತಿ ಯಂತ್ರದ ಹತ್ತಿರ ವಾಪಸು ಹೋಗಿರಲಿಲ್ಲ. ಹಿಂದೆ ನಿಂತು ನೋಡುತ್ತಿದ್ದಳು.

"ನಾಳೆ ಇದನ್ನ ಕೊಡಬೇಕಲ್ವಾ?" ಎಂದಳು.

"ಹೂಂ."

"ಕೆಟ್ಟುಹೋಗುತ್ತಲ್ಲ."

"ಹೂಂ."

ಅವನು ಕಿವಿ ಬರೆದ, ಮೂಗು ಬರೆದ. ಬಾಯಿಗೆ ಬಂದಾಗ ಅವಳು ಬಗ್ಗಿದಳು. "ಹಾಗಲ್ಲ. ಬಾಯಿ ಇನ್ನೂ ಅಗಲ. ಚೆನ್ನಾಗಿ ಹಿಡಿದಿದ್ದಳು ಅವಳು, ಗಟ್ಟಿಯಾಗಿ ಹಿಡಿದಿದ್ದಳು." ಅವನು ಅಳಿಸಿ ಅಗಲ ಮಾಡಿದ. ಕೈ ಬರೆದ, ಹೊಟ್ಟೆ ಬರೆದ. ಕಾಲುಗಳಿಗೆ ಉಳಿದದ್ದು ಕೆಳಗಿನ ಮೂಲೆ, ಅಲ್ಲಿ ಸೀಲಿತ್ತು. ಅವನು ಸೀಲಿನ ಮೇಲೆ ಬರೆದ.